ಒಂದು ಪಂಪ್, ಮೂರು ತೊಟ್ಟಿ: ನಸುಕಿನಲ್ಲಿ ಮೀನುಗಳು ಮೇಲೆ ಬಂದದ್ದೇಕೆ?

ಅಕ್ಕ ಫೋನ್ ಮಾಡಿದ್ದು ಬೆಳಿಗ್ಗೆ ಆರೂವರೆಗೆ. "ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ ಕಣೋ. ಪಂಪ್ ಓಡ್ತಾನೇ ಇದೆ. ಆದ್ರೂ ಹೀಗ್ಯಾಕೆ?" ಅಂದಳು. ನಾನು ಹೋಗುವಷ್ಟರಲ್ಲಿ ಹತ್ತು ಗಂಟೆಯಾಗಿತ್ತು. ನಾಲ್ಕು ಗೋಲ್ಡ್‌ಫಿಷ್‌ಗಳೂ ಏನೂ ಆಗದ ಹಾಗೆ ತಳದ ಮರಳು ಕೆದಕುತ್ತಾ ಓಡಾಡಿಕೊಂಡಿದ್ದವು. ಅಕ್ಕನಿಗೆ ಮುಜುಗರ. "ನಿಜವಾಗ್ಲೂ ಬೆಳಿಗ್ಗೆ ಹೀಗಿರ್ಲಿಲ್ಲ" ಅಂತ ಎರಡು ಮೂರು ಸಲ ಹೇಳಿದಳು. ನನಗೆ ಅವಳ ಮಾತಿನ ಮೇಲೆ ಅನುಮಾನವೇ ಇರಲಿಲ್ಲ. ನಸುಕಿನಲ್ಲಿ ಒದ್ದಾಟ, ಬೆಳಕು ಏರಿದ ಮೇಲೆ ಆರಾಮ. ಈ ಹೊತ್ತಿನ ಲೆಕ್ಕವೇ ಮೊದಲ ಸುಳಿವು.

ಅವಳ ಮನೆಯಲ್ಲಿರುವುದು ಮೂರು ತೊಟ್ಟಿ, ಒಂದೇ ಏರ್ ಪಂಪ್. ದೊಡ್ಡದರಲ್ಲಿ ನಾಲ್ಕು ಗೋಲ್ಡ್‌ಫಿಷ್, ಜೊತೆಗೆ ನೀರಿನ ಗಿಡಗಳು: ದಟ್ಟವಾಗಿ ಬೆಳೆದ ವ್ಯಾಲಿಸ್ನೇರಿಯಾ, ಮರದ ತುಂಡಿಗೆ ಕಟ್ಟಿದ ಜಾವಾ ಫರ್ನ್. ಅದರ ತಳದಲ್ಲಿ, ನೀರಿನ ಮೇಲ್ಮೈಯಿಂದ 40 ಸೆಂಟಿಮೀಟರ್ ಕೆಳಗೆ ಒಂದು ಏರ್ ಸ್ಟೋನ್, ಅಂದರೆ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ರಂಧ್ರಗಳ ಕಲ್ಲು. ಎರಡನೆಯದು ಪುಟ್ಟ ತೊಟ್ಟಿ, ಒಂಟಿ ಫೈಟರ್ ಮೀನಿನದು. ಮೂರನೆಯದರಲ್ಲಿ ಗಪ್ಪಿ ಮರಿಗಳು. ಈ ಎರಡರಲ್ಲೂ ಗಾಳಿಯಿಂದ ನಡೆಯುವ ಸ್ಪಂಜ್ ಫಿಲ್ಟರ್ ಇದೆ. ಅಲ್ಲಿ ಗಾಳಿ ಹೊರಬೀಳುವುದು 15ರಿಂದ 18 ಸೆಂಟಿಮೀಟರ್ ಆಳದಲ್ಲಿ. ಪಂಪಿನಿಂದ ಬಂದ ಒಂದು ಪೈಪನ್ನು ಪ್ಲಾಸ್ಟಿಕ್ ವಾಲ್ವ್‌ಗಳ ಸೆಟ್ಟು ಮೂರು ದಾರಿಯಾಗಿ ಒಡೆಯುತ್ತಿತ್ತು. ಮೂರೂ ವಾಲ್ವ್ ಪೂರ್ತಿ ತೆರೆದಿದ್ದವು. ಪೂರ್ತಿ ತೆರೆದರೆ ಮೂರಕ್ಕೂ ಸಮಪಾಲು ಸಿಗುತ್ತದೆ ಅನ್ನುವುದು ಅಕ್ಕನ ನಂಬಿಕೆ. ಹಾಗೆ ಅಂದುಕೊಳ್ಳುವುದು ಸಹಜ ಅಲ್ವಾ?

ಆದರೆ ಕಣ್ಣಿಗೆ ಕಾಣುತ್ತಿದ್ದದ್ದೇ ಬೇರೆ. ಫೈಟರ್ ತೊಟ್ಟಿಯ ನೀರು ಒಲೆಯ ಮೇಲಿಟ್ಟ ಹಾಗೆ ಕುದಿಯುತ್ತಿತ್ತು. ಆ ಮೀನು ಮೂಲೆಯ ಎಲೆಯೊಂದರ ಹಿಂದೆ ಒತ್ತಿಕೊಂಡು ನಿಂತಿತ್ತು. ಉದ್ದ ರೆಕ್ಕೆಯ ಮೀನು ಅದು. ಬಾಲದ ಅಂಚು ಹರಿದ ಬಟ್ಟೆಯ ಹಾಗೆ ಎಳೆ ಎಳೆಯಾಗಿತ್ತು. ಫೈಟರ್‌ಗೆ ಕಿವಿರಿನ ಜೊತೆಗೆ ಮೇಲಿನ ಗಾಳಿಯನ್ನು ನೇರವಾಗಿ ಎಳೆದುಕೊಳ್ಳುವ ಅಂಗವೂ ಇದೆ. ಹಾಗಾಗಿ ಅದು ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ತೆಗೆದುಕೊಂಡು ಹೋಗುತ್ತದೆ. ಇದು ಪ್ರತಿ ಸಲ ಎಲೆ ಬಿಟ್ಟು ಹೊರಟಾಗಲೂ ಸೆಳೆತ ಪಕ್ಕಕ್ಕೆ ತಳ್ಳುತ್ತಿತ್ತು. ಮತ್ತೆ ಈಜಿ, ಗುಟುಕು ತೆಗೆದು, ಎಲೆಗೆ ವಾಪಸ್. ಐದು ನಿಮಿಷ ನೋಡುವಷ್ಟರಲ್ಲಿ ನನಗೇ ಸುಸ್ತಾಯಿತು. ದೊಡ್ಡ ತೊಟ್ಟಿಯಲ್ಲೋ, ಕಲ್ಲಿನ ಒಂದು ಮೂಲೆಯಿಂದ ಸಣ್ಣ ಗುಳ್ಳೆಗಳ ಒಂದೇ ಒಂದು ಎಳೆ ಎದ್ದು ಬರುತ್ತಿತ್ತು, ಅಷ್ಟೇ.

ಮೊದಲು ಬೇರೆ ಕಾರಣಗಳನ್ನು ಪಕ್ಕಕ್ಕೆ ಸರಿಸಬೇಕಿತ್ತು. ಮೀನು ಮೇಲೆ ಬಂದು ಬಾಯಿ ಬಿಟ್ಟರೆ ಎಲ್ಲ ಸಲವೂ ಆಮ್ಲಜನಕದ ಕೊರತೆ ಅಂತ ಹೇಳಲಾಗದು. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ಕಿವಿರನ್ನು ಸುಡುತ್ತದೆ. ಅಮೋನಿಯಾದಿಂದಲೇ ಹುಟ್ಟುವ ನೈಟ್ರೈಟ್ ಹೆಚ್ಚಾದರೆ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಆಗಲೂ ಮೀನು ಇದೇ ರೀತಿ ಏದುಸಿರು ಬಿಡುತ್ತದೆ. ಟೆಸ್ಟ್ ಕಿಟ್‌ನಲ್ಲಿ ಎರಡೂ ಸೊನ್ನೆ ತೋರಿಸಿದವು. ಅಮೋನಿಯಾ, ನೈಟ್ರೈಟ್ ಇದ್ದಿದ್ದರೆ ಮಧ್ಯಾಹ್ನವೂ ಮೀನುಗಳು ಒದ್ದಾಡಬೇಕಿತ್ತು. ನೀರಿನ ತಾಪ 29 ಡಿಗ್ರಿ ಇತ್ತು. ಇದನ್ನು ಗುರುತು ಹಾಕಿಕೊಂಡೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಬಂದರೆ ಏಳೂವರೆ ಮಿಲಿಗ್ರಾಂ ಅಷ್ಟೇ. ನೀರು ಬೆಚ್ಚಗಾದಷ್ಟೂ ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಜಾಸ್ತಿ. ಎರಡೂ ಕಡೆಯಿಂದ ಹೊಡೆತ.

ಬಾಟಲಿಯೂ ಲಾಳಿಕೆಯೂ

ಗುಳ್ಳೆ ನೋಡಿ ಗಾಳಿಯನ್ನು ಅಂದಾಜು ಮಾಡಿದರೆ ಮೋಸ ಹೋಗುತ್ತೇವೆ. ಸಣ್ಣ ಗುಳ್ಳೆಗಳು ಲೆಕ್ಕಕ್ಕೆ ಜಾಸ್ತಿ ಕಾಣುತ್ತವೆ, ಗಾಳಿ ಕಡಿಮೆ ಇರಬಹುದು. ಅದಕ್ಕೇ ಅಳೆಯೋಣ ಅಂದುಕೊಂಡೆ. ಬೇಕಾದದ್ದು ಒಂದು ಲೀಟರ್ ಬಾಟಲಿ ಮತ್ತು ಒಂದು ಲಾಳಿಕೆ. ಬಾಟಲಿ ತುಂಬಾ ನೀರು ತುಂಬಿ, ನೀರಿನೊಳಗೇ ತಲೆಕೆಳಗು ಮಾಡಿ, ಬಾಯಿಗೆ ಲಾಳಿಕೆ ಒತ್ತಿ ಹಿಡಿದು, ಗುಳ್ಳೆ ಏಳುವ ಜಾಗದ ಮೇಲೆ ಇಡಬೇಕು. ಗುಳ್ಳೆಗಳು ಒಳಗೆ ಹೋದ ಹಾಗೆ ನೀರು ಕೆಳಗಿಳಿಯುತ್ತದೆ. ಬಾಟಲಿ ಖಾಲಿಯಾಗಲು ಎಷ್ಟು ಸೆಕೆಂಡು ಅಂತ ನೋಡಿದರೆ ಆಯಿತು. ಇಷ್ಟು ಸರಳ, ಆದರೆ ಮಾಡುವವರು ಕಡಿಮೆ.

ಫೈಟರ್ ತೊಟ್ಟಿಯಲ್ಲಿ 50 ಸೆಕೆಂಡಿಗೆ ಒಂದು ಲೀಟರ್ ಗಾಳಿ ಸೇರಿತು. ಮರಿಗಳ ತೊಟ್ಟಿಯಲ್ಲಿ 80 ಸೆಕೆಂಡು ಬೇಕಾಯಿತು. ಗೋಲ್ಡ್‌ಫಿಷ್ ತೊಟ್ಟಿಯಲ್ಲಿ ಐದು ನಿಮಿಷ ಕೈ ನೋಯುವವರೆಗೆ ಹಿಡಿದೆ, ಬಾಟಲಿಯ ಕಾಲು ಭಾಗವೂ ತುಂಬಲಿಲ್ಲ. ಆಮ್ಲಜನಕದ ಅಗತ್ಯ ಯಾರಿಗೆ ಎಲ್ಲಕ್ಕಿಂತ ಜಾಸ್ತಿಯೋ ಅವರಿಗೆ ಎಲ್ಲಕ್ಕಿಂತ ಕಡಿಮೆ. ಮೇಲಿನ ಗಾಳಿಯನ್ನೇ ಉಸಿರಾಡಬಲ್ಲ ಒಂದು ಮೀನಿಗೆ ಎಲ್ಲರ ಪಾಲೂ.

ಪಂಪ್ ಗಾಳಿಯನ್ನು ತಳ್ಳುತ್ತದೆ ನಿಜ. ಅದು ಎಲ್ಲಿಗೆ ಹೋಗಬೇಕು ಅಂತ ನಿರ್ಧಾರ ಮಾಡುವುದು ಮಾತ್ರ ನೀರಿನ ಆಳ. 40 ಸೆಂಟಿಮೀಟರ್ ಆಳದಲ್ಲಿ ಗಾಳಿ ಹೊರಬರಬೇಕಾದರೆ ಮೇಲಿನ 40 ಸೆಂಟಿಮೀಟರ್ ನೀರಿನ ಭಾರವನ್ನು ಮೊದಲು ಎತ್ತಬೇಕು. ಅದರ ಮೇಲೆ ಕಲ್ಲಿನ ಸಣ್ಣ ರಂಧ್ರಗಳ ತಡೆ ಬೇರೆ. ಪಕ್ಕದಲ್ಲೇ 15 ಸೆಂಟಿಮೀಟರ್ ಎತ್ತಿದರೆ ಸಾಕು ಅನ್ನುವ ದಾರಿ ತೆರೆದಿರುವಾಗ ಗಾಳಿ ಕಷ್ಟದ ದಾರಿ ಯಾಕೆ ಹಿಡಿಯುತ್ತದೆ? ಆಳವಿಲ್ಲದ ಎರಡು ತೊಟ್ಟಿಗಳ ವಾಲ್ವ್ ಪೂರ್ತಿ ತೆರೆದಿರುವಷ್ಟು ಹೊತ್ತೂ ಪೈಪಿನೊಳಗಿನ ಒತ್ತಡ ಮೇಲೇರುವುದೇ ಇಲ್ಲ. ಏರದಿದ್ದರೆ ಆಳದ ಕಲ್ಲಿಗೆ ಗಾಳಿ ಇಲ್ಲ. ಸಮವಾಗಿ ತೆರೆದದ್ದೇ ಇಲ್ಲಿ ಅಸಮ ಹಂಚಿಕೆಗೆ ಕಾರಣ.

ಕಲ್ಲನ್ನು ಹೊರತೆಗೆದು ಬಾಯಿಯಿಂದ ಊದಿದೆ. ಕೆನ್ನೆ ಉಬ್ಬಿತೇ ಹೊರತು ಗಾಳಿ ಹೋಗಲಿಲ್ಲ. ಮೇಲೆಲ್ಲ ಸುಣ್ಣದ ಬಿಳಿ ಪದರ, ಅದರ ಮೇಲೆ ಹಸಿರು ಪಾಚಿ. ಒಂದು ಮೂಲೆ ಮಾತ್ರ ಉಸಿರಾಡುತ್ತಿತ್ತು.

ರಾತ್ರಿಯ ಕ್ಲಿಪ್

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ಹಗಲೂ ಇದೇ ಅಲ್ಪಸ್ವಲ್ಪ ಗಾಳಿ. ಹಾಗಾದರೆ ಬೆಳಗಿನ ಜಾವ ಮಾತ್ರ ಯಾಕೆ? ಅರ್ಧ ಉತ್ತರ ಗಿಡಗಳಲ್ಲಿದೆ. ಬೆಳಕಿರುವಾಗ ಗಿಡ ಆಮ್ಲಜನಕ ಕೊಡುತ್ತದೆ. ಕತ್ತಲಾದ ಮೇಲೆ ಅದೂ ಮೀನಿನ ಹಾಗೆ ಆಮ್ಲಜನಕ ತೆಗೆದುಕೊಳ್ಳುತ್ತದೆ. ಮೀನು, ಗಿಡ, ಫಿಲ್ಟರಿನ ಬ್ಯಾಕ್ಟೀರಿಯಾ, ತಳದಲ್ಲಿ ಕೊಳೆಯುವ ಕಸ, ಎಲ್ಲವೂ ರಾತ್ರಿಯಿಡೀ ಒಂದೇ ಗಂಟಿನಿಂದ ಖರ್ಚು ಮಾಡುತ್ತವೆ. ನಸುಕಿನ ಹೊತ್ತಿಗೆ ಗಂಟು ಬರಿದಾಗಿರುತ್ತದೆ. ಗಿಡ ದಟ್ಟವಾಗಿರುವ ತೊಟ್ಟಿಯಲ್ಲಿ ದಿನದ ಅತಿ ಕಷ್ಟದ ಗಳಿಗೆ ದೀಪ ಹಾಕುವ ಮುಂಚಿನದು.

ಉಳಿದ ಅರ್ಧ ಉತ್ತರ ಅಕ್ಕನಿಂದಲೇ ಬಂತು. "ರಾತ್ರಿ ಏನಾದ್ರೂ ಬದಲಾಯಿಸ್ತೀಯಾ ಅಕ್ಕ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸದ್ದು ಜಾಸ್ತಿ ಅಂತ ಪೈಪ್‌ಗೆ ಬಟ್ಟೆ ಕ್ಲಿಪ್ ಹಾಕ್ತೀನಿ. ಬೆಳಿಗ್ಗೆ ಎದ್ದ ತಕ್ಷಣ ತೆಗೀತೀನಿ" ಅಂದಳು. ಪಂಪಿನಿಂದ ಹೊರಡುವ ಮುಖ್ಯ ಪೈಪನ್ನು ಮಡಚಿ, ಮಡಿಕೆಗೆ ಕ್ಲಿಪ್. ಅದೇ ಜಾಗದಲ್ಲಿ ಪೈಪಿನ ಮೇಲೆ ಬೆಳ್ಳಗಿನ ಗೆರೆ ಬಿದ್ದಿತ್ತು. ಹಗಲು ಹೊತ್ತಿನಲ್ಲೂ ಪೈಪ್ ಅಲ್ಲಿ ಪೂರ್ತಿ ದುಂಡಗಾಗುತ್ತಿರಲಿಲ್ಲ.

ಅವಳ ಎದುರೇ ಕ್ಲಿಪ್ ಹಾಕಿ ತೋರಿಸಲು ಹೇಳಿದೆ. ಹಾಕಿದಳು. ಫೈಟರ್ ತೊಟ್ಟಿಯ ಕುದಿತ ಕಡಿಮೆಯಾಯಿತು, ಆದರೆ ಗುಳ್ಳೆ ನಿಲ್ಲಲಿಲ್ಲ. ಮರಿಗಳ ತೊಟ್ಟಿಯಲ್ಲೂ ಗುಳ್ಳೆ ಬರುತ್ತಲೇ ಇತ್ತು. ದೊಡ್ಡ ತೊಟ್ಟಿಯ ಆ ಒಂದೇ ಎಳೆ ಸಣ್ಣದಾಗಿ, ನಿಂತು, ಮತ್ತೆರಡು ಗುಳ್ಳೆ ಬಿಟ್ಟು, ಪೂರ್ತಿ ನಿಂತುಹೋಯಿತು. ಒಟ್ಟು ಗಾಳಿ ಕಡಿಮೆಯಾದಾಗ ಮೊದಲು ಉಪವಾಸ ಬೀಳುವುದು ಅತಿ ಆಳದ ತೊಟ್ಟಿ. ಉಳಿದ ಎರಡರಲ್ಲಿ ಗುಳ್ಳೆ ಕಾಣುತ್ತಿದ್ದುದರಿಂದ ಎಲ್ಲ ಸರಿಯಿದೆ ಅಂತ ಅಕ್ಕ ದೀಪ ಆರಿಸಿ ಮಲಗುತ್ತಿದ್ದಳು. ಅವಳ ಮುಖ ನೋಡಿ ನನಗೆ ಬೇಜಾರಾಯಿತು. ಇದರಲ್ಲಿ ಅವಳ ತಪ್ಪೇನಿದೆ? ವಾಲ್ವ್ ಸೆಟ್ಟು ಕೊಡುವವರು ಇದನ್ನು ಹೇಳಿಕೊಡುವುದಿಲ್ಲ.

ಆ ಸದ್ದಿನ ಬಗ್ಗೆಯೂ ಹೇಳಬೇಕು, ಯಾಕೆಂದರೆ ಮೂಲ ಅಲ್ಲೇ ಇತ್ತು. ಕ್ಲಿಪ್ ಹಾಕಿದಾಗ ಗುಳ್ಳೆಯ ಸದ್ದು ಇಳಿಯಿತು, ಪಂಪಿನ ಗುಂಯ್‌ಗುಡುವಿಕೆ ಮಾತ್ರ ದಪ್ಪವಾಯಿತು. ಪಂಪಿನೊಳಗೆ ಡಯಾಫ್ರಂ ಅನ್ನುವ ರಬ್ಬರಿನ ಪೊರೆ ಇರುತ್ತದೆ. ಕಾಂತ ಹೊತ್ತ ಒಂದು ತೋಳು ಕರೆಂಟಿನ ಲಯಕ್ಕೆ ಅಲ್ಲಾಡುತ್ತಾ ಅದನ್ನು ಒಳಗೆ ಹೊರಗೆ ತಳ್ಳುತ್ತದೆ. 50 ಹರ್ಟ್ಸ್ ಕರೆಂಟ್ ಇರುವಲ್ಲಿ ಸೆಕೆಂಡಿಗೆ 50 ಸಲ. ಹೊರದಾರಿ ಮುಚ್ಚಿದರೆ ಪಂಪ್ ಕೆಲಸ ನಿಲ್ಲಿಸುವುದಿಲ್ಲ. ಅಷ್ಟೇ ಜೋರಾಗಿ ಮುಚ್ಚಿದ ಬಾಗಿಲನ್ನು ಗುದ್ದುತ್ತಿರುತ್ತದೆ. ಪಂಪ್ ಬಿಸಿಯಾಗುತ್ತದೆ, ರಬ್ಬರ್ ಬೇಗ ಸವೆಯುತ್ತದೆ, ಸವೆದ ರಬ್ಬರ್ ಇನ್ನೂ ಸದ್ದು ಮಾಡುತ್ತದೆ. ಸದ್ದಿಗೆ ಹಾಕಿದ ಕ್ಲಿಪ್ ಸದ್ದನ್ನೇ ಬೆಳೆಸುತ್ತಿತ್ತು. ಬಿಚ್ಚಿ ನೋಡಿದಾಗ ಡಯಾಫ್ರಂ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಕಂಡಿತು. ಕೆಳಗಿನ ಗಾಳಿ ಒಳಹೋಗುವ ಫೆಲ್ಟ್ ತುಂಡು ಧೂಳಿನಿಂದ ಕಪ್ಪಾಗಿತ್ತು. ಪಂಪ್ ಇಟ್ಟಿದ್ದು ಟೊಳ್ಳು ಮರದ ಪೆಟ್ಟಿಗೆಯ ಮೇಲೆ, ಅದು ಮೃದಂಗದ ಹಾಗೆ ಸದ್ದನ್ನು ಹಿಗ್ಗಿಸುತ್ತಿತ್ತು.

ಸರಿಪಡಿಸಿದ ಬಗೆ, ಮತ್ತು ನಡುವೆ ನಾನು ಮಾಡಿದ ತಪ್ಪು

ಆ ದಿನ ಮೊದಲು ಮಾಡಿದ್ದು ದೊಡ್ಡ ತೊಟ್ಟಿಯ ಮೇಲ್ಮೈ ನೋಡುವುದು. ಪಕ್ಕದಿಂದ ದಿಟ್ಟಿಸಿದಾಗ ಎಣ್ಣೆಯಂಥ ತೆಳು ಕೆನೆ ಕಟ್ಟಿತ್ತು. ಗುಳ್ಳೆಯಿಂದ ನೀರಿಗೆ ಆಮ್ಲಜನಕ ಸೇರುತ್ತದೆ ಅಂತ ತುಂಬಾ ಜನ ತಿಳಿದಿರುತ್ತಾರೆ. ಸೇರುವುದು ಸ್ವಲ್ಪವೇ. ಗುಳ್ಳೆ ತಳದಿಂದ ಮೇಲೆ ಬರಲು ಒಂದೆರಡು ಸೆಕೆಂಡು ಸಾಕು, ಅಷ್ಟರಲ್ಲಿ ಏನು ಕೊಟ್ಟೀತು? ಮುಖ್ಯ ಕೆಲಸ ನಡೆಯುವುದು ಮೇಲ್ಮೈಯಲ್ಲಿ. ಗುಳ್ಳೆಗಳು ತಳದ ನೀರನ್ನು ಜೊತೆಗೆ ಎಳೆದು ತಂದು, ಮೇಲ್ಮೈಯನ್ನು ಕದಡಿ, ಹಳೆ ನೀರು ಗಾಳಿಗೆ ಮುಖ ಕೊಡುವಂತೆ ಮಾಡುತ್ತವೆ. ಕೆನೆ ಕಟ್ಟಿದರೆ ಆ ಬಾಗಿಲೇ ಮುಚ್ಚುತ್ತದೆ. ಅಚ್ಚು ಇಲ್ಲದ ಬಿಳಿ ಕಾಗದವನ್ನು ಮೇಲ್ಮೈ ಮೇಲೆ ಹಾಸಿ ಎತ್ತಿದೆ, ಕೆನೆ ಕಾಗದಕ್ಕೆ ಅಂಟಿ ಬಂತು. ನಾಲ್ಕು ಸಲ ಹಾಗೆ ಮಾಡಿದ ಮೇಲೆ ನೀರು ಕನ್ನಡಿಯಾಯಿತು. ಕಾಲು ಭಾಗ ನೀರನ್ನೂ ಬದಲಾಯಿಸಿದೆವು. ಆ ರಾತ್ರಿ ಕ್ಲಿಪ್ ಬೇಡ ಅಂದೆ.

ಕಲ್ಲನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದೆ. ಬೆಳಿಗ್ಗೆ ಚೆನ್ನಾಗಿ ತೊಳೆದು, ಒಣಗಿಸಿ ಊದಿದಾಗ ಸಲೀಸಾಗಿ ಗಾಳಿ ಹೋಯಿತು. ಪಂಪಿಗೆ ಹೊಸ ಡಯಾಫ್ರಂ, ಹೊಸ ಫೆಲ್ಟ್. ಬೆಳ್ಳಗೆ ಗೆರೆ ಬಿದ್ದ ಪೈಪನ್ನು ಪೂರ್ತಿ ತೆಗೆದು 4 ಮಿಲಿಮೀಟರ್ ಒಳಅಳತೆಯ ಮೆತ್ತನೆ ಸಿಲಿಕೋನ್ ಪೈಪ್ ಹಾಕಿದೆ. ಪ್ಲಾಸ್ಟಿಕ್ ವಾಲ್ವ್ ಸೆಟ್ಟಿನ ಬದಲು ಸೂಜಿ ವಾಲ್ವ್ ಇರುವ ಲೋಹದ ಸೆಟ್ಟು. ಹಳೆಯದರಲ್ಲಿ ಒಂದಿಷ್ಟು ತಿರುಗಿಸಿದರೆ ಪೂರ್ತಿ ತೆರೆಯುತ್ತಿತ್ತು, ಇನ್ನೊಂದಿಷ್ಟು ತಿರುಗಿಸಿದರೆ ಪೂರ್ತಿ ಮುಚ್ಚುತ್ತಿತ್ತು. ನಡುವೆ ನಿಲ್ಲುವ ಮಾತೇ ಇಲ್ಲ. ಸೂಜಿ ವಾಲ್ವ್ ಕೂದಲೆಳೆಯಷ್ಟು ತಿರುಗಿಸಿದರೂ ಮಾತು ಕೇಳುತ್ತದೆ.

ಹೊಂದಿಸುವ ಕ್ರಮ ಹೀಗಿತ್ತು. ಮೊದಲು ದೊಡ್ಡ ತೊಟ್ಟಿಯ ವಾಲ್ವ್ ಪೂರ್ತಿ ತೆರೆದು ಹಾಗೇ ಬಿಟ್ಟೆ. ಅದನ್ನು ಮುಟ್ಟುವ ಹಾಗಿಲ್ಲ. ಆಮೇಲೆ ಫೈಟರ್‌ನದನ್ನು ನಿಧಾನಕ್ಕೆ ಬಿಗಿ ಮಾಡುತ್ತಾ ಹೋದೆ. ಸುಲಭದ ದಾರಿ ಕಿರಿದಾದಂತೆ ಪೈಪಿನಲ್ಲಿ ಒತ್ತಡ ಏರಿತು, ದೊಡ್ಡ ಕಲ್ಲು ಒಂದು ಕಡೆಯಿಂದ, ಆಮೇಲೆ ಇನ್ನೊಂದು ಕಡೆಯಿಂದ, ಕೊನೆಗೆ ಮೈಯೆಲ್ಲಾ ಗುಳ್ಳೆ ಬಿಡತೊಡಗಿತು. ಅದನ್ನು ನೋಡಿ ಅಕ್ಕ ಚಪ್ಪಾಳೆ ತಟ್ಟಿದಳು. ಆಮೇಲೆ ಮರಿಗಳದು. ಒಂದನ್ನು ಮುಟ್ಟಿದರೆ ಉಳಿದೆರಡೂ ಬದಲಾಗುತ್ತವೆ. ಹಾಗಾಗಿ ಪ್ರತಿ ಸಲ ಸ್ವಲ್ಪ ಕಾದು ನೋಡಿಯೇ ಮುಂದಿನದಕ್ಕೆ ಹೋಗಬೇಕು. ಆತುರ ಮಾಡಿದರೆ ಸುತ್ತಿ ಸುತ್ತಿ ಅಲ್ಲೇ ಬರುತ್ತೀರಿ.

ನನ್ನ ತಪ್ಪು ಆಗಿದ್ದು ಇಲ್ಲೇ. ದೊಡ್ಡ ತೊಟ್ಟಿಗೆ ಚೆನ್ನಾಗಿ ಸಿಗಲಿ ಅಂತ ಮರಿಗಳ ವಾಲ್ವನ್ನು ತೀರಾ ಬಿಗಿ ಮಾಡಿದ್ದೆ. ಗುಳ್ಳೆ ಬರುತ್ತಿತ್ತು, ಆದರೆ ಅಂಚಿನಲ್ಲಿತ್ತು. ರಾತ್ರಿ ಯಾವಾಗಲೋ ನಿಂತುಹೋಗಿದೆ. ಬೆಳಿಗ್ಗೆ ನೋಡಿದಾಗ ಸ್ಪಂಜ್ ಫಿಲ್ಟರ್ ಸುಮ್ಮನೆ ಕೂತಿತ್ತು. ಸ್ಪಂಜಿನಲ್ಲಿರುವ ಬ್ಯಾಕ್ಟೀರಿಯಾ ಅಮೋನಿಯಾವನ್ನು ಅರಗಿಸಬೇಕಾದರೆ ಅದಕ್ಕೆ ಆಮ್ಲಜನಕ ಬೇಕು, ಅದು ಬರುವುದು ಸ್ಪಂಜಿನ ಮೂಲಕ ಹರಿಯುವ ನೀರಿನಿಂದ. ಹರಿವು ನಿಂತು ತುಂಬಾ ಹೊತ್ತಾದರೆ ಆ ಬ್ಯಾಕ್ಟೀರಿಯಾ ಸಾಯತೊಡಗುತ್ತದೆ. ಮರಿಗಳೆಲ್ಲ ಬದುಕಿದ್ದವು. ತಕ್ಷಣ ಸ್ವಲ್ಪ ನೀರು ಬದಲಾಯಿಸಿ, ಸ್ಪಂಜನ್ನು ತೊಟ್ಟಿಯದ್ದೇ ನೀರಿನಲ್ಲಿ ಮೆಲ್ಲಗೆ ಹಿಂಡಿ, ವಾಪಸ್ ಇಟ್ಟು, ಮೂರು ದಿನ ಅಮೋನಿಯಾ ನೋಡುತ್ತಾ ಇದ್ದೆವು. ಏರಲಿಲ್ಲ. ಅವತ್ತಿನಿಂದ ಅಂಚಿನಲ್ಲಿ ನಿಲ್ಲಿಸುವ ಕೆಲಸ ಬಿಟ್ಟಿದ್ದೇನೆ. ಮರಿಗಳ ತೊಟ್ಟಿಯನ್ನು ನಾಲ್ಕು ನಿಮಿಷಕ್ಕೆ ಒಂದು ಲೀಟರ್ ಬರುವ ಹಾಗೆ ಇಟ್ಟೆ. ಸ್ಪಂಜಿನ ಪಕ್ಕದಲ್ಲೇ ಮರಿಗಳು ಆರಾಮಾಗಿ ಮೇಯುತ್ತವೆ, ನೀರೂ ತಿರುಗುತ್ತದೆ.

ಎರಡು ವಾಲ್ವ್ ಬಿಗಿಯಾದ ಮೇಲೆ ಪಂಪ್ ಮತ್ತೆ ಗುಂಯ್ ಅನ್ನತೊಡಗಿತು. ಕೈಯಿಟ್ಟರೆ ಬಿಸಿ. ಕ್ಲಿಪ್ ಮಾಡುತ್ತಿದ್ದ ಕೆಲಸವನ್ನೇ ಈಗ ವಾಲ್ವ್ ಮಾಡುತ್ತಿತ್ತು. ಇದಕ್ಕಾಗಿಯೇ ನಾಲ್ಕು ಬಾಯಿಯ ಸೆಟ್ಟು ತೆಗೆದುಕೊಂಡದ್ದು. ನಾಲ್ಕನೆಯ ಬಾಯಿಗೆ ಒಂದು ಗೇಣು ಪೈಪ್ ಹಾಕಿ, ತುದಿಗೆ ಹಳೆಯ ಒಣ ಏರ್ ಸ್ಟೋನ್ ಸಿಕ್ಕಿಸಿ, ತೊಟ್ಟಿಗಳ ಹಿಂದೆ ಸುಮ್ನೆ ಗಾಳಿಗೆ ಬಿಟ್ಟೆ. ಕಲ್ಲು ಇದ್ದರೆ ಸುಯ್ ಅನ್ನುವ ಸದ್ದು ಕಡಿಮೆ. ಆ ವಾಲ್ವನ್ನು ಸ್ವಲ್ಪ ಸ್ವಲ್ಪವೇ ತೆರೆದಂತೆ ಪಂಪಿನ ದನಿ ಇಳಿಯಿತು. ದೊಡ್ಡ ಕಲ್ಲಿನ ಗುಳ್ಳೆ ಕಡಿಮೆಯಾಗುವ ಹಂತ ಬಂದಾಗ ನಿಲ್ಲಿಸಿ ಒಂಚೂರು ಹಿಂದೆ ತಿರುಗಿಸಿದೆ. ಹೆಚ್ಚಾದ ಗಾಳಿಯನ್ನು ತಡೆದಿಡಬಾರದು, ಹೊರಗೆ ಬಿಟ್ಟುಬಿಡಬೇಕು. ಗಾಳಿ ಸುಮ್ಮನೆ ಹಾಳಾಯಿತಲ್ಲ ಅಂತ ಅಕ್ಕನಿಗೆ ಅನಿಸಿತು. ಹಾಳಾಗದೆ ಉಳಿದದ್ದು ಡಯಾಫ್ರಂ ಅಂತ ಹೇಳಿದೆ.

ದೊಡ್ಡ ಕಲ್ಲನ್ನು ತಳದಿಂದ ಎತ್ತಿ 30 ಸೆಂಟಿಮೀಟರ್ ಆಳಕ್ಕೆ, ಚಪ್ಪಟೆ ಕಲ್ಲೊಂದರ ಮೇಲೆ ಇಟ್ಟೆ. ಇದರ ಬಗ್ಗೆ ಬೇರೆ ಅಭಿಪ್ರಾಯ ಇರುವವರಿದ್ದಾರೆ. ತಳದಲ್ಲಿದ್ದರೆ ಕೆಳಗಿನ ನೀರು ಇನ್ನೂ ಚೆನ್ನಾಗಿ ಮೇಲೆ ಬರುತ್ತದೆ ಅನ್ನುವುದು ನಿಜವೇ. ಆದರೆ ಒಂದೇ ಪಂಪ್ ಹಂಚಿಕೊಳ್ಳುವ ಮನೆಯಲ್ಲಿ ಹತ್ತು ಸೆಂಟಿಮೀಟರ್ ಭಾರ ಕಡಿಮೆಯಾದದ್ದು ನನಗೆ ಹೆಚ್ಚು ಬೆಲೆಯುಳ್ಳದ್ದು ಅನಿಸಿತು. ತಳದ ಕಸವೂ ಏಳುವುದಿಲ್ಲ.

ಇನ್ನೊಂದು ಅಪಾಯ ಯಾರ ಗಮನಕ್ಕೂ ಬಂದಿರಲಿಲ್ಲ. ಪಂಪ್ ಇದ್ದದ್ದು ನೀರಿನ ಮಟ್ಟಕ್ಕಿಂತ ಕೆಳಗೆ, ಒಂದೇ ದಿಕ್ಕಿಗೆ ದಾರಿ ಬಿಡುವ ಚೆಕ್ ವಾಲ್ವ್ ಇರಲಿಲ್ಲ. ಕರೆಂಟ್ ಹೋದರೆ ನೀರು ಪೈಪಿನೊಳಗೆ ಹಿಂದಕ್ಕೆ ಏರುತ್ತದೆ. ಒಮ್ಮೆ ಅಂಚು ದಾಟಿ ಕೆಳಗಿಳಿದರೆ ಆಮೇಲೆ ತಾನಾಗಿಯೇ ಸುರಿಯುತ್ತದೆ. ಪಂಪಿಗೆ, ಪ್ಲಗ್ಗಿಗೆ, ನೆಲಕ್ಕೆ. ಕಲ್ಲು ತಳದಲ್ಲಿದ್ದರೆ ಬಹುಪಾಲು ನೀರು ಖಾಲಿಯಾಗುವವರೆಗೂ ನಿಲ್ಲುವುದಿಲ್ಲ. ಮೂರು ಪೈಪಿಗೂ ತೊಟ್ಟಿಯ ಹತ್ತಿರವೇ ಒಂದೊಂದು ಚೆಕ್ ವಾಲ್ವ್ ಹಾಕಿದೆ. ಹಾಕುವ ಮುಂಚೆ ಬಾಯಿಯಿಂದ ಊದಿ ದಿಕ್ಕು ನೋಡಿಕೊಂಡೆ. ಗಾಳಿ ತೊಟ್ಟಿಯ ಕಡೆ ಹೋಗಬೇಕು, ವಾಪಸ್ ಎಳೆದರೆ ಬರಬಾರದು. ಒಂದು ಎರಡೂ ಕಡೆ ಗಾಳಿ ಬಿಡುತ್ತಿತ್ತು, ಅದನ್ನು ಎಸೆದೆವು. ಆಮೇಲೆ ಪಂಪ್ ಆಫ್ ಮಾಡಿ, ಮಂಡಿಯೂರಿ ಕೂತು, ಪೈಪಿನೊಳಗೆ ನೀರು ಎಷ್ಟು ಏರುತ್ತದೆ ಅಂತ ಇಬ್ಬರೂ ನೋಡಿದೆವು. ವಾಲ್ವಿನ ಹತ್ತಿರ ಬಂದು ನಿಂತಿತು. ಹತ್ತು ನಿಮಿಷ ಕಳೆದರೂ ಅಲ್ಲೇ ಇತ್ತು. ಆ ಮೇಲೂ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿನ ಕಪಾಟಿಗೆ ಏರಿಸಿ, ಕೆಳಗೆ ದಪ್ಪ ಫೋಮ್ ಹಾಕಿದೆ. ಗೋಡೆಗೆ ತಾಗದ ಹಾಗೆ ಎರಡು ಬೆರಳು ಜಾಗ ಬಿಟ್ಟೆ. ರಬ್ಬರ್ ಚೆಕ್ ವಾಲ್ವ್ ಕಾಲಕ್ರಮೇಣ ಗಟ್ಟಿಯಾಗುತ್ತದೆ, ಅದೊಂದನ್ನೇ ನಂಬಿ ಕೂರಬಾರದು.

ಆಮೇಲೆ

ಎರಡು ವಾರ ಬಿಟ್ಟು ರಾತ್ರಿ ಅಕ್ಕನ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಐದೂವರೆಗೆ ದೀಪ ಹಾಕದೆ, ಮೊಬೈಲ್ ಬೆಳಕನ್ನು ಗೋಡೆಗೆ ಬಿಟ್ಟು ನೋಡಿದೆ. ನಾಲ್ಕೂ ಗೋಲ್ಡ್‌ಫಿಷ್ ತಳದ ಹತ್ತಿರ, ರೆಕ್ಕೆ ಸಡಿಲ ಬಿಟ್ಟು, ಗಿಡಗಳ ನಡುವೆ ನಿದ್ದೆಯಲ್ಲಿದ್ದವು. ಕಿವಿರು ನಿಧಾನವಾಗಿ ತೆರೆದು ಮುಚ್ಚುತ್ತಿತ್ತು. ಬಾಟಲಿ ಹಿಡಿದು ಅಳೆದೆ: ದೊಡ್ಡ ತೊಟ್ಟಿಯಲ್ಲಿ 70 ಸೆಕೆಂಡಿಗೆ ಒಂದು ಲೀಟರ್. ಫೈಟರ್ ತೊಟ್ಟಿಯಲ್ಲಿ ಗುಳ್ಳೆಗಳನ್ನು ಒಂದು, ಎರಡು ಅಂತ ಎಣಿಸಬಹುದಿತ್ತು. ಒಂಟಿ ಮೀನಿನ ಸ್ಪಂಜಿಗೆ ಅಷ್ಟು ಸಾಕು. ಮೇಲ್ಮೈಯ ಶಾಂತ ಮೂಲೆಯಲ್ಲಿ ಸಾಬೂನು ನೊರೆಯಂಥ ಸಣ್ಣ ಗುಳ್ಳೆಗಳ ಗೂಡು ತೇಲುತ್ತಿತ್ತು. ಗಂಡು ಫೈಟರ್ ಬಾಯಿಂದ ಕಟ್ಟುವ ಗೂಡು ಅದು, ನೀರು ಕದಡುತ್ತಿದ್ದರೆ ಉಳಿಯುವುದಿಲ್ಲ. ಅಕ್ಕನನ್ನು ಎಬ್ಬಿಸಿ ತೋರಿಸಿದೆ.

ಗಾಳಿಯನ್ನು ಹಗಲು ನಿಲ್ಲಿಸಬೇಕಾ ಅಂತ ಅವಳು ಕೇಳಿದಳು, ಗಿಡಕ್ಕೆ ಒಳ್ಳೆಯದಲ್ಲ ಅಂತ ಎಲ್ಲೋ ಕೇಳಿದ್ದಳಂತೆ. ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಕೊಡುವ ತೊಟ್ಟಿಯಲ್ಲಿ ಆ ಮಾತು ಸರಿ. ಗುಳ್ಳೆ ಜಾಸ್ತಿಯಾದರೆ ಕೊಟ್ಟದ್ದೆಲ್ಲ ಹೊರಗೆ ಹೋಗುತ್ತದೆ, ಅಂಥವರು ರಾತ್ರಿ ಮಾತ್ರ ಗಾಳಿ ಬಿಡುತ್ತಾರೆ. ಇಲ್ಲಿ ಸಿಲಿಂಡರ್ ಇಲ್ಲ, ಗಿಡಗಳೂ ಗಟ್ಟಿ ಜಾತಿಯವು. ದಿನವಿಡೀ ಓಡಲಿ ಅಂದೆ.

ಅಕ್ಕ ಪ್ರತಿ ವಾಲ್ವಿನ ತಿರುಪಿನ ಮೇಲೆ ನೇಲ್ ಪಾಲಿಶ್‌ನಿಂದ ಒಂದು ಗೀಟು ಎಳೆದಿದ್ದಾಳೆ. ಒರೆಸುವಾಗ ಕೈ ತಾಗಿ ತಿರುಗಿದರೆ ತಕ್ಷಣ ಗೊತ್ತಾಗುತ್ತದೆ. ನಾನು ಹೇಳಿಕೊಟ್ಟದ್ದಲ್ಲ, ಅವಳೇ ಕಂಡುಕೊಂಡದ್ದು. ಎರಡು ತಿಂಗಳ ನಂತರ ಒಂದು ದಿನ ಫೋನ್ ಬಂತು, ಈ ಸಲ ಸಂಜೆ ಹೊತ್ತಿಗೆ. "ಗೀಟೆಲ್ಲ ಸರಿಯಾಗೇ ಇದೆ. ಆದ್ರೆ ಹಿಂದಿನ ನಾಲ್ಕನೇ ಪೈಪ್ ಮೊದಲಿಗಿಂತ ಜಾಸ್ತಿ ಸುಯ್ ಅಂತಿದೆ ಕಣೋ. ದೊಡ್ಡ ಕಲ್ಲು ಕಟ್ಕೊಂಡಿರ್ಬೇಕು, ನೆನೆಹಾಕ್ತೀನಿ" ಅಂದಳು.